ಅಟ್ಟದ ಮೇಲೊಂದು ವರ್ಷ

ಈ ಅಂಕಣದಲ್ಲಿ ಸಾಮಾನ್ಯವಾಗಿ ನನ್ನ ಆಫೀಸಿನ ಗೋಳು ಇರುತ್ತದೆ. ಈ ಸಲ ಅದಕ್ಕೆ ರಜೆ ಕೊಟ್ಟಿದ್ದೇನೆ. ಇದು ನನ್ನ ತಂಗಿಯ ಕಥೆ. ಕಥೆಯಲ್ಲಿ ನಾನೂ ಬರುತ್ತೇನೆ, ಆದರೆ ಹೀರೊ ಆಗಿ ಅಲ್ಲ. ಅದನ್ನ ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಜೂನ್‌ನಲ್ಲಿ ಒಂದು ರಾತ್ರಿ ತಿಪಟೂರಿನಿಂದ ಅಪ್ಪನ ಫೋನ್ ಬಂತು. ಅಪ್ಪ ಅಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಮೂವತ್ತು ವರ್ಷದಿಂದ ಲೆಕ್ಕ ಬರೆಯುತ್ತಿರುವುದಕ್ಕೋ ಏನೋ, ಅವರು ಮಾತನ್ನೂ ಎಣಿಸಿಯೇ ಆಡುತ್ತಾರೆ.

“ನೋಡಪ್ಪಾ, ಪುಟ್ಟಿ ಚಿತ್ರ ಬರೆಯೋ ಕೋರ್ಸಿಗೇ ಸೇರ್ತೀನಿ ಅಂತ ಕೂತಿದಾಳೆ. ಸಿಇಟಿಯಲ್ಲಿ ಬಂದಿರೋದು ನೋಡಿದ್ರೆ ಎಂಜಿನಿಯರಿಂಗ್ ಸೀಟು ಸಿಗುತ್ತೆ. ನೀನೇನಂತೀಯ?”

ನಾನು ಎಂಜಿನಿಯರಿಂಗ್ ಮುಗಿಸಿ ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವನು. ನಿನಗೆ ಏನು ಇಷ್ಟ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿಕೊಂಡಿರಲಿಲ್ಲ. ಅವಳ ಧೈರ್ಯ ನೋಡಿ ಖುಷಿಯಾಯಿತೋ, ಹೊಟ್ಟೆಕಿಚ್ಚಾಯಿತೋ, “ಸೇರಿಸಿ ಅಪ್ಪ. ನನ್ನ ಜೊತೆ ಇರ್ತಾಳೆ. ಫೀಸು ನಾನು ನೋಡ್ಕೋತೀನಿ” ಅಂದುಬಿಟ್ಟೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆಯ್ತು. ನೀನು ಜಾಮೀನು. ಒಂದು ವರ್ಷ ನೋಡೋಣ” ಅಂದು ಫೋನಿಟ್ಟರು.

ಮಂಡಿಯವರ ಬಾಯಲ್ಲಿ ಜಾಮೀನು ಅನ್ನೋದು ತಮಾಷೆಯ ಮಾತಲ್ಲ. ಸಾಲ ತಗೊಂಡವನು ಕೈ ಎತ್ತಿದರೆ ಜಾಮೀನು ನಿಂತವನ ಬಾಗಿಲು ಬಡಿಯುತ್ತಾರೆ.

ಫೋಟೊದಲ್ಲಿ ಇಲ್ಲದ್ದು

ಪುಟ್ಟಿ ಅನ್ನೋದು ಮನೆಯಲ್ಲಿ ಕರೆಯುವ ಹೆಸರು. ನಿಜವಾದ ಹೆಸರು ಹಾಕಿದರೆ ರಾತ್ರಿ ಊಟ ಇಲ್ಲ ಅಂದಿದ್ದಾಳೆ. ಕಾಲೇಜು ಸೇರುವ ಹೊತ್ತಿಗೆ ಅವಳು ಇನ್‌ಸ್ಟಾಗ್ರಾಂನಲ್ಲಿ ಸಣ್ಣ ಮಟ್ಟಿಗೆ ಫೇಮಸ್. ಸಿನಿಮಾ ನಟರ ಫೋಟೊ ನೋಡಿಕೊಂಡು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದಳು. ಅಪ್ಪು ಚಿತ್ರ ಒಂದಕ್ಕೆ ನಲವತ್ತು ಗಂಟೆ ಕೂತಿದ್ದಳು, ಗಡ್ಡದ ಒಂದೊಂದು ಕೂದಲೂ ಎಣಿಸಬಹುದಿತ್ತು. ನಮ್ಮ ಬೀದಿಯವರೆಲ್ಲ “ಥೇಟ್ ಫೋಟೊ ಕಣಮ್ಮಾ” ಅಂದಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಇದೆ ಅಂತ ನಮಗೂ ಗೊತ್ತಿರಲಿಲ್ಲ.

ಮೊದಲ ವಾರ ಅದೇ ಚಿತ್ರ ತಗೊಂಡು ಹೋಗಿ ಕ್ಲಾಸಿನ ಮೇಡಂಗೆ ತೋರಿಸಿದ್ದಾಳೆ. ಅವರು ಪೂರ್ತಿ ಒಂದು ನಿಮಿಷ ನೋಡಿ, “ಶ್ರಮ ಕಾಣುತ್ತೆ. ಆದರೆ ಫೋಟೊದಲ್ಲಿ ಇಲ್ಲದ್ದು ಇದರಲ್ಲಿ ಏನಿದೆ?” ಅಂತ ಕೇಳಿದ್ದಾರೆ.

ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. ನಾನು “ಆ ಮೇಡಂಗೆ ಹೊಟ್ಟೆಕಿಚ್ಚು ಬಿಡು” ಅಂತ ಸಮಾಧಾನ ಮಾಡಿದೆ. ಈಗ ನೆನೆಸಿಕೊಂಡರೆ, ಆ ವರ್ಷ ನಾನು ಕೊಟ್ಟ ಕೆಟ್ಟ ಸಲಹೆಗಳ ಪಟ್ಟಿ ಅಲ್ಲಿಂದ ಶುರು.

ಮೊದಲ ತಿಂಗಳು ಕ್ಲಾಸಿನಲ್ಲಿ ರಬ್ಬರ್ ನಿಷೇಧ, ಫೋನ್ ನಿಷೇಧ. ಎದುರಿಗೆ ಒಬ್ಬ ಮನುಷ್ಯ ನಿಲ್ಲುತ್ತಾನೆ. 30 ಸೆಕೆಂಡಿಗೊಂದು ಚಿತ್ರ. ಕಣ್ಣು, ಮೂಗು ಬರೆಯಲು ಸಮಯವೇ ಇಲ್ಲ. ತೂಕ ಯಾವ ಕಾಲಿನ ಮೇಲಿದೆ, ಬೆನ್ನು ಎತ್ತ ಬಾಗಿದೆ, ಅಷ್ಟನ್ನೇ ನಾಲ್ಕೈದು ಗೆರೆಯಲ್ಲಿ ಹಿಡಿಯಬೇಕು. ಇದಕ್ಕೆ ಜೆಸ್ಚರ್ ಡ್ರಾಯಿಂಗ್ ಅಂತಾರೆ. ಇನ್ನೊಂದು ಪಾಠದಲ್ಲಿ ಹಾಳೆಯ ಕಡೆ ನೋಡುವ ಹಾಗೇ ಇಲ್ಲ. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆ ಹಾಗೆ ನಿಧಾನ ಹರಿಯಬೇಕು, ಕೈ ಅದನ್ನೇ ಹಿಂಬಾಲಿಸಬೇಕು. ಮತ್ತೊಂದು ದಿನ ಕುರ್ಚಿ ಬರೆಯಿರಿ ಅನ್ನುತ್ತಾರೆ, ಆದರೆ ಕುರ್ಚಿ ಬರೆಯುವಂತಿಲ್ಲ. ಕಾಲುಗಳ ನಡುವಿನ ಖಾಲಿ ಜಾಗದ ಆಕಾರಗಳನ್ನು ಬರೆಯಬೇಕು. ಅವು ಸರಿಯಾದರೆ ಕುರ್ಚಿ ತಾನೇ ಬಂದು ಕೂರುತ್ತದೆ.

ಮನೆಗೆ ಬಂದ ಹಾಳೆಗಳನ್ನು ನೋಡಿ ನನಗೆ ಗಾಬರಿ. ನಲವತ್ತು ಗಂಟೆ ಕೂತು ಅಪ್ಪು ಬರೆದವಳು ಈಗ ಕಡ್ಡಿ ಮನುಷ್ಯರನ್ನು ಗೀಚುತ್ತಿದ್ದಾಳೆ. ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು ಫೀಸು ಕಟ್ಟಿ ಹಿಂದಕ್ಕೆ ಹೋಗುತ್ತಿದ್ದಾಳಲ್ಲ ಅಂತ ಒಳಗೊಳಗೇ ಲೆಕ್ಕ ಹಾಕಿದೆ.

ಆದರೆ ಒಂದು ಬದಲಾವಣೆ ಕಣ್ಣಿಗೆ ಬೀಳತೊಡಗಿತು. ಅವಳು ನೋಡುವುದನ್ನು ಕಲಿಯುತ್ತಿದ್ದಳು. ಮೆಟ್ರೊದಲ್ಲಿ ನಿಂತೇ ಸಣ್ಣ ಪುಸ್ತಕದಲ್ಲಿ ಗೀಚುವಳು. ಕೆ.ಆರ್. ಮಾರ್ಕೆಟ್‌ಗೆ ಬೆಳಿಗ್ಗೆ ಐದಕ್ಕೆ ಹೋಗಿ ಹೂವಿನ ಬುಟ್ಟಿ ಹೊತ್ತವರ ಕುತ್ತಿಗೆ ಮಾತ್ರ ಬರೆದುಕೊಂಡು ಬರುವಳು. ನಾನು ಮನೆಯಿಂದ ಕೆಲಸ ಮಾಡುವ ದಿನ ಎದುರಿಗೆ ಕೂತು ನನ್ನನ್ನೇ ಬರೆಯುವಳು. ಒಂದು ದಿನ ಕಾಲ್ ಮುಗಿಸಿದ ಮೇಲೆ ಪುಸ್ತಕ ತೋರಿಸಿ ಹೇಳಿದಳು: “ಅಣ್ಣ, ನೋಡಿಲ್ಲಿ. ‘ಆಲ್ಮೋಸ್ಟ್ ಡನ್’ ಅನ್ನುವಾಗೆಲ್ಲ ನಿನ್ನ ಎಡ ಭುಜ ಮೇಲೆ ಹೋಗುತ್ತೆ.”

ಅವತ್ತಿನಿಂದ ನಾನು ಸ್ಟ್ಯಾಂಡ್‌ಅಪ್ ಮೀಟಿಂಗ್‌ಗೆ ಕ್ಯಾಮೆರಾ ಆನ್ ಮಾಡಿಲ್ಲ.

“ನಮ್ ತಂಗಿ ಮಾಡ್ಕೊಡ್ತಾಳೆ ಬಿಡಿ”

ಈಗ ನನ್ನ ತಪ್ಪಿಗೆ ಬರೋಣ. ಸೆಪ್ಟೆಂಬರ್‌ನಲ್ಲಿ ನಮ್ಮ ಟೀಮಿನವರೊಬ್ಬರ ಗೃಹಪ್ರವೇಶ. ಆಮಂತ್ರಣಕ್ಕೆ ಮನೆಯ ಚಿತ್ರ ಬೇಕು, ಜೊತೆಗೆ ತೆಂಗಿನಮರ, ಹಸು, ಕುಟುಂಬ ಎಲ್ಲ ಇರಬೇಕು ಅಂದರು. ನಾನು ದೊಡ್ಡ ಮನುಷ್ಯನ ಹಾಗೆ, “ನಮ್ ತಂಗಿ ಅದೇ ಓದ್ತಿದಾಳೆ, ಮಾಡ್ಕೊಡ್ತಾಳೆ ಬಿಡಿ, ದುಡ್ಡೆಲ್ಲ ಏನಿಲ್ಲ” ಅಂದೆ. ಅವಳನ್ನು ಕೇಳಲೂ ಇಲ್ಲ.

ಅವಳು ಖುಷಿಯಿಂದಲೇ ಕೂತಳು. ಮೊದಲ ಚಿತ್ರ ಹೋಯಿತು. ಹಸು ಎಡಗಡೆ ಬರಲಿ. ಆಯ್ತು. ಅತ್ತೆಯವರ ಸೀರೆ ಬಣ್ಣ ಬೇರೆ. ಆಯ್ತು. ಮನೆ ಸ್ವಲ್ಪ ದೊಡ್ಡದಾಗಿ ಕಾಣಲಿ. ಆಯ್ತು. ಏಳು ಸಲ ಬದಲಾಯಿತು. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಮೆಸೇಜು, ಕೊನೆಯಲ್ಲಿ ಕೈ ಮುಗಿಯುವ ಎಮೋಜಿ. ಮರುದಿನ ಅವಳಿಗೆ ಪರ್ಸ್‌ಪೆಕ್ಟಿವ್ ಪರೀಕ್ಷೆ.

ಕೊನೆಗೆ ಕಾರ್ಡು ಪ್ರಿಂಟಾಗಿ ಬಂದಾಗ ಅಂಚುಗಳೆಲ್ಲ ಮಸುಕು, ಹಸಿರು ಬಣ್ಣ ಪಾಚಿ ಹಾಗೆ. ಕಾರಣ ಆಮೇಲೆ ಗೊತ್ತಾಯಿತು. ಅವಳು ಇನ್‌ಸ್ಟಾಗ್ರಾಂ ಅಭ್ಯಾಸದಲ್ಲಿ 1080 ಪಿಕ್ಸೆಲ್ ಅಗಲಕ್ಕೆ ಬರೆದಿದ್ದಳು. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು ಅಂತ ಲೆಕ್ಕ ಹಾಕಿ. 1080ರಲ್ಲಿ ಮೂರೂವರೆ ಇಂಚು ಚಿಲ್ಲರೆ ಬರುತ್ತದೆ ಅಷ್ಟೆ. ಕಾರ್ಡು ಎಂಟು ಇಂಚು. ಎ4 ಹಾಳೆಗೆ 2480 ಬೈ 3508 ಪಿಕ್ಸೆಲ್ ಬೇಕಾಗುತ್ತದೆ. ಬಣ್ಣದ್ದೂ ಅದೇ ಕಥೆ. ಸ್ಕ್ರೀನು ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಯಿಂದ ಮಾಡುತ್ತದೆ. ಸ್ಕ್ರೀನಿನಲ್ಲಿ ಹೊಳೆಯುವ ಕೆಲವು ಹಸಿರು ಶಾಯಿಗೆ ಸಿಗುವುದೇ ಇಲ್ಲ.

ಮುಫತ್ತಾಗಿ ಬರೆಸಿಕೊಂಡವರು ಬೇಜಾರು ಮಾಡಿಕೊಂಡರು. ನನಗೂ ಮುಜುಗರ. ಮನೆಗೆ ಬಂದು, “ಮೊದಲೇ ಚೆಕ್ ಮಾಡ್ಬೇಕಿತ್ತಲ್ವಾ ಪುಟ್ಟಿ” ಅಂದೆ.

ಅವಳು ಜೋರು ಮಾಡಲಿಲ್ಲ. “ಅಣ್ಣ, ತಪ್ಪು ನಂದೇ. ಕಲೀತೀನಿ. ಒಂದು ಮಾತು ಕೇಳ್ಲಾ? ಅವರಿಗೆ ನೀನು ಒಂದು ಆ್ಯಪ್ ಫ್ರೀಯಾಗಿ ಮಾಡ್ಕೊಡ್ತೀಯಾ? ಏಳು ಸಲ ಬದಲಾಯಿಸಿ?”

ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ನನ್ನ ಒಂದು ಗಂಟೆಗೆ ಬೆಲೆ ಇದೆ, ಕಂಪನಿ ಅದನ್ನು ಇನ್‌ವಾಯ್ಸ್‌ನಲ್ಲಿ ಬರೆಯುತ್ತದೆ. ಅವಳ ಒಂದು ಗಂಟೆಗೆ ನಾನೇ ಸೊನ್ನೆ ಬರೆದಿದ್ದೆ. ಅದೂ ಅವಳ ಪರವಾಗಿ.

ಆ ಶನಿವಾರ ಇಬ್ಬರೂ ಕೂತು ಒಂದು ಪುಟದ ಕರಾರು ಬರೆದೆವು. ನನಗೆ ಬರುವ ವಿದ್ಯೆ ಅದೊಂದೇ, ಕೆಲಸದ ಷರತ್ತುಗಳನ್ನು ಪಟ್ಟಿ ಮಾಡೋದು. ಮೊದಲು ಪುಟ್ಟ ಪುಟ್ಟ ಕಚ್ಚಾ ಚಿತ್ರಗಳು, ಅದರಲ್ಲಿ ಒಂದನ್ನು ಅವರು ಆರಿಸಬೇಕು. ಆಮೇಲೆ ಎರಡು ಸಲ ಬದಲಾವಣೆ ಉಚಿತ, ಮೂರನೆಯದಕ್ಕೆ ದುಡ್ಡು. ಅರ್ಧ ಹಣ ಮುಂಗಡ. ಚಿತ್ರ ಎಲ್ಲಿ, ಎಷ್ಟು ಕಾಲ ಬಳಸಬಹುದು ಅನ್ನೋದು ಬರಹದಲ್ಲಿ.

ಕೊನೆಯದಕ್ಕಾಗಿ 1957ರ ಕೃತಿಸ್ವಾಮ್ಯ ಕಾಯ್ದೆ ತೆಗೆದು ಓದಿದೆವು. ನನಗೂ ಹೊಸದು. ಸಾಮಾನ್ಯವಾಗಿ ಚಿತ್ರ ಬರೆದವರೇ ಅದರ ಮೊದಲ ಹಕ್ಕುದಾರರು. ಆದರೆ ಹಣ ಕೊಟ್ಟು ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ಬರೆಸಿದವರದ್ದು. ಹಕ್ಕು ಬೇರೆಯವರಿಗೆ ವಹಿಸಿಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೂ, ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಲೆಕ್ಕ. ಒಂದು ಸಾಲು ಬರೆದಿಡುವುದಕ್ಕೂ ಬಿಡುವುದಕ್ಕೂ ಇಷ್ಟು ವ್ಯತ್ಯಾಸ. ನಿಮ್ಮ ಮನೆಯಲ್ಲೂ ಚಿತ್ರ ಬರೆಯುವವರಿದ್ದರೆ ಇದನ್ನು ಅವರಿಗೆ ಫಾರ್ವರ್ಡ್ ಮಾಡಿ.

ಒಂದು ನಿಮಿಷದಲ್ಲಿ ನಾಲ್ಕು ಚಿತ್ರ

ನವೆಂಬರ್‌ನಲ್ಲಿ ದೊಡ್ಡ ಅಸೈನ್‌ಮೆಂಟ್ ಬಂತು. ನಿಮಗೆ ಗೊತ್ತಿರುವ ಒಂದು ಕೆಲಸವನ್ನು ಆರು ಚಿತ್ರಗಳಲ್ಲಿ ಹೇಳಿ. ಪುಟ್ಟಿ ಅಪ್ಪನ ಮಂಡಿ ಆರಿಸಿಕೊಂಡಳು. ಹುಟ್ಟಿದಾಗಿನಿಂದ ನೋಡಿದ್ದು, ಸುಲಭ ಅಂತ. ನೆನಪಿನಿಂದ ಸ್ವಲ್ಪ, ಗೂಗಲ್‌ನಿಂದ ಸ್ವಲ್ಪ ತೆಗೆದು ಕಚ್ಚಾ ಚಿತ್ರ ಮಾಡಿಕೊಂಡು ಹೋದಳು. ಮೇಡಂ ಕೇಳಿದರಂತೆ: “ಇವರ ಕೈಯಲ್ಲಿರೋದು ಕೊಬ್ಬರಿನೋ, ಕ್ರಿಕೆಟ್ ಬಾಲೋ?”

ಕ್ಲಾಸೆಲ್ಲ ನಕ್ಕಿತು. ಅಷ್ಟರಲ್ಲಾಗಲೇ ಅವಳಿಗೆ ನಿದ್ದೆ ಕಮ್ಮಿಯಾಗಿತ್ತು. ಬೆಂಗಳೂರಿನ ದೊಡ್ಡ ಶಾಲೆಗಳಿಂದ ಬಂದ ಸಹಪಾಠಿಗಳು, ಅವರ ದುಬಾರಿ ಟ್ಯಾಬ್ಲೆಟ್ಟು, ಇವಳದ್ದು ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಉಚಿತವಾಗಿ ಸಿಗುವ ಕ್ರಿಟಾ. ಇಂಗ್ಲಿಷಿನಲ್ಲಿ ತನ್ನ ಚಿತ್ರದ ಬಗ್ಗೆ ಮಾತಾಡಬೇಕು ಅಂದರೆ ಗಂಟಲು ಕಟ್ಟುತ್ತಿತ್ತು.

ನನಗೆ ಕರುಳು ಚುರುಕ್ ಅಂತು. ಹತ್ತು ದಿನದಲ್ಲಿ ಆರು ಚಿತ್ರ ಕೊಡಬೇಕು. ರಾತ್ರಿ ಒಂದು ಗಂಟೆಗೆ ಅವಳು ಮಲಗಿದ ಮೇಲೆ, ಎಐ ಚಿತ್ರ ಮಾಡುವ ಉಪಕರಣ ತೆರೆದು ಕೊಬ್ಬರಿ ಮಂಡಿ, ಗುಮಾಸ್ತ, ಹಮಾಲಿ ಅಂತೆಲ್ಲ ಟೈಪ್ ಮಾಡಿದೆ. ಒಂದು ನಿಮಿಷದೊಳಗೆ ನಾಲ್ಕು ಚಿತ್ರ ಬಂತು. ಬೆಳಿಗ್ಗೆ ಕಾಫಿ ಜೊತೆ ತೋರಿಸಿದೆ. “ನಕಲು ಮಾಡು ಅಂತಲ್ಲ, ಐಡಿಯಾಗೆ ಅಷ್ಟೆ.”

“ಇದಕ್ಕೆ ಎಷ್ಟು ಹೊತ್ತು ಬೇಕಾಯ್ತು ನಿಂಗೆ?”

“ಒಂದು ನಿಮಿಷ.”

ಅವಳು ಕಾಫಿ ಲೋಟ ಕೆಳಗಿಟ್ಟಳು. “ಹಾಗಾದ್ರೆ ಈ ವರ್ಷವೆಲ್ಲ ನಾನೇನ್ ಮಾಡ್ತಿದೀನಿ ಅಣ್ಣ? ಮುಂದಿನ ಸಲ ಎಂಜಿನಿಯರಿಂಗ್ ಸೇರ್ಕೊಳ್ಳೋಕೆ ಆಗುತ್ತಾ, ಕೇಳಿ ನೋಡು.”

ಇನ್ನೊಂದು ವಿಷಯ ಅವಳಿಗೆ ಹೇಳಿರಲಿಲ್ಲ. ಜಾಹೀರಾತಿನ ಚಿತ್ರಗಳಿಗೆ ಇಂಥದ್ದೇ ಒಂದು ಉಪಕರಣ ಜೋಡಿಸಿಕೊಡುವ ಕೆಲಸ ಆ ತಿಂಗಳು ಆಫೀಸಿನಲ್ಲಿ ನನ್ನ ಕೈಯಲ್ಲೇ ಇತ್ತು. ಅವಳ ಫೀಸು ಕಟ್ಟುವ ಕೈ ಯಾವುದೋ, ಅವಳ ಕೆಲಸಕ್ಕೆ ಕುತ್ತು ತರಬಹುದಾದ ಕೈಯೂ ಅದೇ. ಅವತ್ತು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಬಂದು ಹಿರಿಯಣ್ಣನ ಕರ್ತವ್ಯ ಅಂತ ಆರ್.ಕೆ. ಲಕ್ಷ್ಮಣ್ ಕಥೆ ತೆಗೆದೆ. ನಮ್ಮ ಮೈಸೂರಿನವರು, 1921ರಲ್ಲಿ ಹುಟ್ಟಿದವರು. ಮುಂಬೈನ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಇಲ್ಲ ಅಂತ ತಿರಸ್ಕರಿಸಿದ್ದರು. ಅದೇ ಲಕ್ಷ್ಮಣ್ ಓದುತ್ತಿರುವಾಗಲೇ ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು, ಆಮೇಲೆ ದೇಶಕ್ಕೇ ಕಾಮನ್ ಮ್ಯಾನ್ ಕೊಟ್ಟರು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ನಾವೆಲ್ಲ ನೋಡಿದ ಚಿತ್ರಗಳೂ ಅವರದ್ದೇ.

ಪೂರ್ತಿ ಕೇಳಿಸಿಕೊಂಡು ಪುಟ್ಟಿ ಅಂದಳು: “ಅಣ್ಣ, ಇದು ಗೆದ್ದವರ ಕಥೆ. ರಿಜೆಕ್ಟ್ ಆಗಿ ಲಕ್ಷ್ಮಣ್ ಆಗದೇ ಹೋದವರ ಲೆಕ್ಕ ಯಾರ ಹತ್ರ ಇದೆ?”

ನಾನು ಸುಮ್ಮನಾದೆ. ದತ್ತಾಂಶದ ಪಾಠ ಹೇಳುವ ಕಸುಬಿನವನಿಗೆ ಅದೇ ಪಾಠ ವಾಪಸ್ ಬಂದಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಮಾತು ಮುಂದುವರಿಸಿದಳು. “ಆದ್ರೆ ಲಕ್ಷ್ಮಣ್ ಕಾಗೆ ನೋಡಿದೀಯಾ? ಎಷ್ಟು ಕಾಗೆ ಬರೆದಿದಾರೆ ಅವರು! ಒಂದೊಂದು ಕಾಗೆಗೂ ಒಂದೊಂದು ಬುದ್ಧಿ. ಅದು ಪ್ರತಿಭೆಯೋ ಏನೋ ಗೊತ್ತಿಲ್ಲ, ಆದ್ರೆ ಅಷ್ಟು ವರ್ಷ ಕಾಗೇನ ನೋಡಿದಾರೆ ಅನ್ನೋದಂತೂ ಗ್ಯಾರಂಟಿ.”

ಆಮೇಲೆ ಬೆಳಗಿನ ನಾಲ್ಕು ಚಿತ್ರ ಮತ್ತೆ ತೆಗೆಸಿ ನೋಡಿದಳು. ಹಿಂದೆ ಸಮುದ್ರ, ಬಾಗಿದ ತೆಂಗಿನಮರ, ಮುಂದೆ ಬೆಳ್ಳಗೆ ಹೊಳೆಯುವ ಅರ್ಧ ಹೋಳುಗಳ ರಾಶಿ. “ಇದು ತಿಪಟೂರು ಕೊಬ್ಬರಿ ಅಲ್ಲ, ಬೀಚ್ ರೆಸಾರ್ಟ್ ಪೋಸ್ಟರ್” ಅಂತ ನಕ್ಕಳು. ನಮ್ಮೂರಿನದು ಉಂಡೆ ಕೊಬ್ಬರಿ. ಇಡಿಯಾಗಿ, ಗುಂಡಗೆ, ಕಂದು ಬಣ್ಣಕ್ಕೆ.

“ಇವತ್ತಲ್ಲ ನಾಳೆ ಇದು ಸರಿಯಾಗಿ ಬರೆಯೋದು ಕಲಿಯುತ್ತೆ ಪುಟ್ಟಿ” ಅಂದೆ. ಸುಳ್ಳು ಸಮಾಧಾನ ಸಾಕಾಗಿತ್ತು.

“ಕಲಿಯಲಿ. ಅದು ಮಂಡಿ ನೋಡಿಲ್ಲ. ಆದ್ರೆ ನಾನೂ ನೋಡಿಲ್ಲ ಅಣ್ಣ. ಹದಿನೆಂಟು ವರ್ಷ ಅಲ್ಲೇ ಓಡಾಡಿದೀನಿ, ಅಪ್ಪ ಕೊಬ್ಬರಿ ಹೇಗೆ ಹಿಡೀತಾರೆ ಅಂತ ಬರೆಯೋಕೆ ಬರಲಿಲ್ಲ. ಅದಕ್ಕೆ ಅದು ಕ್ರಿಕೆಟ್ ಬಾಲ್ ಆಗಿದ್ದು.”

ಶುಕ್ರವಾರ ಸಂಜೆ ತಿಪಟೂರು ರೈಲು ಹತ್ತಿದೆವು.

ಮಂಡಿಯಲ್ಲಿ ಮೂರು ದಿನ

ಅಪ್ಪನಿಗೆ ಮೊದಲು ಸಂಕೋಚ. “ಮಂಡೀಲಿ ಬಂದು ಕೂರ್ತೀಯಾ? ಮನೇಲೇ ಕೂತು ಬರೆಯೋಕಾಗಲ್ವಾ?” ಅಂದರು. ಆದರೂ ಬೆಳಿಗ್ಗೆ ಕರೆದುಕೊಂಡು ಹೋದರು. ಸಾಹುಕಾರರು ಕುರ್ಚಿ ಹಾಕಿಸಿದರು. ಅವಳು ಕುರ್ಚಿ ಬಿಟ್ಟು ಗೋಣಿಚೀಲದ ಮೇಲೆ ಕೂತಳು. ಅಲ್ಲಿಂದ ಕೈಗಳು ಚೆನ್ನಾಗಿ ಕಾಣುತ್ತವಂತೆ.

ಮೊದಲ ದಿನ ಬರೀ ಕೈಗಳನ್ನೇ ಬರೆದಳು. ಮೂಟೆಗೆ ಕೊಕ್ಕೆ ಹಾಕುವ ಕೈ, ಬಾಯಿ ಹೊಲಿಯುವ ಕೈ, ಎರಡು ಉಂಡೆ ಒಂದಕ್ಕೊಂದು ತಟ್ಟಿ ಸದ್ದು ಕೇಳುವ ಕೈ. ಮಧ್ಯಾಹ್ನದ ಹೊತ್ತಿಗೆ ಹಮಾಲಿಗಳೆಲ್ಲ ಸುತ್ತ ನಿಂತಿದ್ದರು. ಒಬ್ಬರು, “ಅವ್ವಾ, ನಂದೂ ಬರಿ. ಹೊಟ್ಟೆ ಮಾತ್ರ ಸ್ವಲ್ಪ ಒಳಗೆ ಹಾಕು” ಅಂದರು. ಅವಳು ಹೊಟ್ಟೆ ಒಳಗೆ ಹಾಕಲಿಲ್ಲ. ಹಾಗೇ ಬರೆದು ತೋರಿಸಿದಳು. ಅವರು ನೋಡಿ ನೋಡಿ ನಕ್ಕು, “ನಾನೇ ಬುಡು” ಅಂದರು. ನಮ್ಮ ಬೀದಿಯವರು ಅಪ್ಪು ಚಿತ್ರಕ್ಕೆ “ಥೇಟ್ ಫೋಟೊ” ಅಂದಿದ್ದರಲ್ಲ, ಇದು ಬೇರೆ ಮಾತು ಅಂತ ನನಗೂ ಅನ್ನಿಸಿತು.

ಭಾನುವಾರ ಹಳ್ಳಿಗೆ, ದೊಡ್ಡಪ್ಪನ ಮನೆಗೆ ಹೋದೆವು. ಅಟ್ಟದ ಮೇಲೆ ಕಾಯಿ ರಾಶಿ. ಉಂಡೆ ಕೊಬ್ಬರಿ ಬೇಕಾದರೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡಬೇಕು. ನೆರಳಲ್ಲೇ ಒಣಗಬೇಕು. ಆಮೇಲೆ ಸುಲಿದು, ಒಳಗಿನ ಉಂಡೆಗೆ ಪೆಟ್ಟಾಗದ ಹಾಗೆ ಕರಟ ಬಿಡಿಸಬೇಕು. ಇದೆಲ್ಲ ನಾನು ಹುಟ್ಟಿದಾಗಿನಿಂದ ಕಂಡಿದ್ದೇ, ಆದರೆ ಅಪ್ಪ ಕೂತು ವಿವರಿಸಿದ್ದು ಅವತ್ತೇ ಮೊದಲು. ಯಾಕಂದರೆ ಕೇಳಿದವರು ಅವತ್ತೇ ಮೊದಲು ಬಂದಿದ್ದರು.

ಅಪ್ಪ ಒಂದು ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. “ಹೊಸ ಕಾಯಿ ಆದ್ರೆ ನೀರಿನ ಸದ್ದು ಬರುತ್ತೆ. ಒಣಗ್ತಾ ಒಣಗ್ತಾ ನೀರು ಇಂಗುತ್ತೆ, ಸದ್ದು ಹೋಗುತ್ತೆ. ಆಗ ಆತುರ ಮಾಡಿ ಒಡೆದ್ರೆ ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ಬರೀನೂ ಅಲ್ಲ. ಸುಮ್ನೆ ಬಿಡ್ಬೇಕು. ಉಂಡೆ ಕರಟ ಬಿಟ್ಟ ಮೇಲೆ ಲೊಟಲೊಟ ಅನ್ನುತ್ತೆ. ಅದೇ ಹೇಳುತ್ತೆ, ಆಯ್ತು ಅಂತ.”

ಅಪ್ಪ ಹೇಳಿದ್ದು ಕಾಯಿ ಬಗ್ಗೆ ಅಷ್ಟೆ. ಪುಟ್ಟಿ ತಲೆ ಎತ್ತಲಿಲ್ಲ, ಅವರ ಕಿವಿ ಹತ್ತಿರ ಹಿಡಿದಿದ್ದ ಕೈಯನ್ನು ಬರೆಯುತ್ತಿದ್ದಳು. ಎಂಜಿನಿಯರಿಂಗ್ ಸೀಟಿನ ಮಾತು ಮತ್ತೆ ಬರಲಿಲ್ಲ.

ರೇಟು ಅವಳೇ ಹೇಳ್ತಾಳೆ

ಆರು ಚಿತ್ರಗಳಿಗೆ ಕ್ಲಾಸಿನಲ್ಲಿ ಮೊದಲ ಸ್ಥಾನ ಬಂತು ಅಂತ ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಬಣ್ಣ ಇನ್ನೂ ಮಾಗಬೇಕು ಅಂದರಂತೆ. ಆದರೆ ಮೇಡಂ ಆ ಕಿವಿ ಹತ್ತಿರದ ಕೈಯನ್ನು ತುಂಬಾ ಹೊತ್ತು ನೋಡಿ, “ಇದು ಯಾರು?” ಅಂದರು. ಅವಳು ಕನ್ನಡದಲ್ಲೇ ಹತ್ತು ನಿಮಿಷ ಮಾತಾಡಿದಳಂತೆ, ನಡುನಡುವೆ ಇಂಗ್ಲಿಷ್ ಸೇರಿಸಿ. ಗಂಟಲು ಕಟ್ಟಲಿಲ್ಲ. ಹೇಳುವುದಕ್ಕೆ ವಿಷಯ ಇದ್ದಾಗ ಭಾಷೆ ಅಷ್ಟು ಕಾಡುವುದಿಲ್ಲ ಅಂತ ಕಾಣುತ್ತೆ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದೆವು. ನಾನು ಚಿತ್ರ ನೋಡಿದೆ. ಅವಳು ಕಲಾವಿದರನ್ನು ಮಾತಾಡಿಸಿದಳು. ಯಾವ ಕಾಗದ, ಎಲ್ಲಿ ಪ್ರಿಂಟು, ಬೆಲೆ ಹೇಗೆ ಕಟ್ಟುತ್ತೀರಿ, ಚೌಕಾಸಿ ಮಾಡಿದರೆ ಏನಂತೀರಿ. ಕೆಲವರು ನಕ್ಕು ಕಳಿಸಿದರು. ಕೆಲವರು ಕೂರಿಸಿಕೊಂಡು ಹೇಳಿಕೊಟ್ಟರು.

ಮಾರ್ಚ್‌ನಲ್ಲಿ ಒಬ್ಬ ಸೀನಿಯರ್ ಮೂಲಕ ಮಕ್ಕಳ ಕಥೆಯೊಂದಕ್ಕೆ ನಾಲ್ಕು ಪುಟ ಚಿತ್ರದ ಕೆಲಸ ಬಂತು. ಅವಳು ಆ ಒಂದು ಪುಟದ ಕರಾರು ಕಳಿಸಿದಳು. ಕಳಿಸುವ ಮುಂಚೆ ಅರ್ಧ ಗಂಟೆ ಫೋನ್ ಹಿಡಿದು ಕೂತಿದ್ದಳು. “ಜಾಸ್ತಿ ಕೇಳಿದೆ ಅಂತ ಕೆಲಸಾನೇ ಹೋದ್ರೆ?” ಅಂದಳು. ಹೋಗಲಿಲ್ಲ. ಅವರು ರೇಟು ಸ್ವಲ್ಪ ಇಳಿಸಿದರು, ಇವಳು ಪುಟ ಒಂದು ಇಳಿಸಿದಳು. ಮುಂಗಡ ಬಂತು. ಬಾಕಿ ನಲವತ್ತು ದಿನ ತಡವಾಗಿ, ಮೂರು ಸಲ ಕೇಳಿದ ಮೇಲೆ ಬಂತು. ಕೇಳುವುದಕ್ಕೆ ಮುಜುಗರ ಪಡಬಾರದು ಅನ್ನೋದು ಆ ವರ್ಷದ ಇನ್ನೊಂದು ಪಾಠ. ಅದು ಸಿಲಬಸ್ಸಿನಲ್ಲಿ ಇಲ್ಲ.

ನನ್ನ ಕಥೆ? ಆಫೀಸಿನ ಆ ಉಪಕರಣದ ಕೆಲಸ ಮುಗಿಸಿಕೊಟ್ಟೆ. ಕೆಲಸ ಬಿಡುವಷ್ಟು ದೊಡ್ಡವನು ನಾನಲ್ಲ, ಬಿಟ್ಟರೆ ಫೀಸು ಕಟ್ಟುವವರಾರು? ಆದರೆ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿದೆ. ಇದು ಕಲಿತ ಕೋಟಿಗಟ್ಟಲೆ ಚಿತ್ರಗಳನ್ನು ಬರೆದವರನ್ನ ಯಾರಾದರೂ ಕೇಳಿದ್ದಾರಾ ಅಂತ. ಸ್ವಲ್ಪ ಹೊತ್ತು ಎಲ್ಲರೂ ಮ್ಯೂಟ್‌ನಲ್ಲಿದ್ದರು. ಉತ್ತರ ಇನ್ನೂ ಬಂದಿಲ್ಲ. ಪ್ರಶ್ನೆ ಮಿನಿಟ್ಸ್‌ನಲ್ಲಿ ಇದೆ.

ಏಪ್ರಿಲ್‌ನಲ್ಲಿ ಟೀಮಿನ ಇನ್ನೊಬ್ಬರು ಮಗಳ ಹುಟ್ಟುಹಬ್ಬದ ಕಾರ್ಡಿಗೆ ಕೇಳಿದರು. “ಅವಳ ನಂಬರ್ ಕೊಡ್ತೀನಿ. ರೇಟು ಅವಳೇ ಹೇಳ್ತಾಳೆ” ಅಂದೆ. ಈ ಒಂದು ವಾಕ್ಯ ಕಲಿಯಲು ನನಗೂ ಒಂದು ವರ್ಷ ಹಿಡಿಯಿತು.

ರಸೀದಿ

ಮೇ ತಿಂಗಳಲ್ಲಿ ಕಾಲೇಜಿನಲ್ಲಿ ಮೊದಲ ವರ್ಷದವರ ಪ್ರದರ್ಶನ. ಅಪ್ಪ ಬೆಳಗಿನ ರೈಲಿಗೆ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗೋಡೆ ಮೇಲೆ ತಮ್ಮ ಮಂಡಿ ನೋಡಿದರು. ಒಂದೊಂದೇ ಚಿತ್ರದ ಮುಂದೆ ನಿಂತು, ಲೆಕ್ಕದ ಪುಸ್ತಕ ತಾಳೆ ನೋಡುವ ಹಾಗೆ ಮೇಲಿನಿಂದ ಕೆಳಗೆ ನೋಡಿದರು. ಮೂರನೆಯ ಚಿತ್ರದ ಹತ್ತಿರ ಬಂದು, “ಮೂಟೆ ಹೊಲಿಯೋ ದಾರ ಈ ಕಡೆಯಿಂದ ಬರಲ್ಲ, ಆ ಕಡೆಯಿಂದ” ಅಂದರು.

ಹೋದ ವರ್ಷದ ಪುಟ್ಟಿಯಾಗಿದ್ದರೆ ಅಳುತ್ತಿದ್ದಳು. ಈಗ ಸಣ್ಣ ಪುಸ್ತಕ ತೆಗೆದು, “ಕೈ ಹೇಗೆ ಬರುತ್ತೆ, ತೋರಿಸಿ ಅಪ್ಪ” ಅಂತ ಅಲ್ಲೇ ಬರೆದುಕೊಂಡಳು. ಅಪ್ಪ ಗಾಳಿಯಲ್ಲಿ ಮೂಟೆ ಹೊಲಿದು ತೋರಿಸಿದರು. ಸುತ್ತ ನಿಂತಿದ್ದ ಹುಡುಗರು ನೋಡುತ್ತಿದ್ದರು. ಅವರಿಗೆ ಅದರ ಮೇಲೆ ಗಮನವೇ ಇರಲಿಲ್ಲ.

ಕೊನೆಯ ಚಿತ್ರ, ಕಾಯಿ ಹಿಡಿದ ಆ ಕೈ. ಅದರ ಮುಂದೆ ಅವರು ಏನೂ ಹೇಳಲಿಲ್ಲ. ತಮ್ಮ ಕೈಯನ್ನು ಒಂದು ಸಲ ತಿರುಗಿಸಿ ನೋಡಿಕೊಂಡರು, ಅಷ್ಟೆ.

ಹೊರಗೆ ಬಂದು ಚಹಾ ಕುಡಿಯುವಾಗ ನಾನು ಮೆಲ್ಲಗೆ ಕೇಳಿದೆ: “ಅಪ್ಪ, ಒಂದು ವರ್ಷ ಆಯ್ತು. ನನ್ನ ಜಾಮೀನು?”

“ಕೋರ್ಸು ನಾಲ್ಕು ವರ್ಷ ಅಂದಿದ್ರಲ್ಲ. ಇರಲಿ” ಅಂದರು. ಆಮೇಲೆ ಅವಳ ಕಡೆ ತಿರುಗಿ, “ಆ ಕೈ ಚಿತ್ರಕ್ಕೆ ಎಷ್ಟು?” ಅಂತ ಕೇಳಿದರು.

ಪುಟ್ಟಿ ನನ್ನ ಮುಖ ನೋಡಿದಳು. ನಾನು ಚಹಾ ಲೋಟ ನೋಡಿದೆ. ಅವಳು ರೇಟು ಹೇಳಿದಳು.

“ಮನೆಯವರಿಗೂ ಅಷ್ಟೇನಾ?”

“ಅಷ್ಟೇ ಅಪ್ಪ. ಮನೆಯವರಿಗೆ ಅಡ್ವಾನ್ಸ್ ಬೇಡ.”

ಅಪ್ಪ ಒಳಜೇಬಿನಿಂದ ನೋಟು ತೆಗೆದು, ಬೆರಳು ಒದ್ದೆ ಮಾಡಿಕೊಂಡು ಎರಡು ಸಲ ಎಣಿಸಿ ಅವಳ ಕೈಗಿಟ್ಟರು. ಆಮೇಲೆ ಜೇಬಿನಿಂದ ಒಂದು ಪೆನ್ನು ತೆಗೆದು ಮುಂದೆ ಹಿಡಿದರು.

“ರಸೀದಿ ಬರಿ” ಅಂದರು.